ಹುಣಸೆಬೀಜದ ಲೆಕ್ಕ

ಪುಣೆಯ ನಗರ್ ರೋಡಿನಲ್ಲಿ ವಾಘೋಲಿ ದಾಟಿ ಎಡಕ್ಕೆ ತಿರುಗುವ ಮಣ್ಣಿನ ದಾರಿಯ ಕೊನೆಗೆ ನಮ್ಮ ಲೇಬರ್ ಕ್ಯಾಂಪ್ ಇತ್ತು. ತಗಡಿನ ಶೆಡ್ಡುಗಳ ನಾಲ್ಕು ಸಾಲು. ಮೂರು ಸಾಲಿನಲ್ಲಿ ನಮ್ಮ ಕಡೆಯವರೇ, ಜೇವರ್ಗಿ, ಶಹಾಪುರ, ಸುರಪುರ, ಸಿಂದಗಿಯ ಹಳ್ಳಿಗಳಿಂದ ಬಂದವರು. ನನ್ನ ಗಂಡನದು ಸೆಂಟ್ರಿಂಗ್ ಕೆಲಸ. 2022ರ ಜೂನ್ ತಿಂಗಳಲ್ಲಿ ಎರಡೂವರೆ ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಉದ್ಯಾನ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಿಂದ ಪುಣೆಯಲ್ಲಿ ಇಳಿದಾಗ ನನಗೆ ಮರಾಠಿ ಅಷ್ಟಾಗಿ ಬರುತ್ತಿರಲಿಲ್ಲ. ನಾನು ಪಿಯುಸಿ ಪಾಸಾಗಿದ್ದೇನೆ ಎಂಬುದು ಕ್ಯಾಂಪಿನಲ್ಲಿ ಯಾರಿಗೂ ಬೇಕಾದ ಸಂಗತಿಯಾಗಿರಲಿಲ್ಲ. ಬುಟ್ಟಿ ಹೊತ್ತು ಅಭ್ಯಾಸ ಇದೆಯೇ ಎಂದಷ್ಟೇ ಮುಕಾದಮ ಕೇಳಿದ.

ಗೇಟಿನ ಬಳಿ ಎರಡು ಕೋಣೆಗಳಲ್ಲಿ ಒಂದು ಸಂಸ್ಥೆಯವರು ಪಾಳಣಾಘರ, ಅಂದರೆ ಕೂಲಿಯವರ ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ, ನಡೆಸುತ್ತಿದ್ದರು. ಒಂದರಲ್ಲಿ ಹಸುಗೂಸುಗಳು, ಇನ್ನೊಂದರಲ್ಲಿ ಮೂರರಿಂದ ಆರು ವರ್ಷದವರ ಬಾಲವಾಡಿ. ಮಗಳನ್ನು ಅಲ್ಲಿ ಬಿಟ್ಟು ನಾನೂ ಸೈಟಿನ ಕೆಲಸಕ್ಕೆ ಹೋಗುವುದು ಎಂದು ಲೆಕ್ಕ ಹಾಕಿದ್ದೆವು. ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹುಡುಗ ಚಡ್ಡಿ ಹಿಡಿದುಕೊಂಡು ಅಳುತ್ತ ನಿಂತಿದ್ದ. ಶಿಕ್ಷಕಿ ಮೊಣಕಾಲೂರಿ ಕುಳಿತು ಮರಾಠಿಯಲ್ಲಿ ಪ್ರೀತಿಯಿಂದಲೇ ವಿಚಾರಿಸುತ್ತಿದ್ದರು. ಹಸಿವೆಯೇ, ಅವ್ವ ಬೇಕೇ, ಯಾರಾದರೂ ಹೊಡೆದರೇ. ಅವನು ಮೂತ್ರಕ್ಕೆ ಹೋಗಬೇಕು ಎಂದು ನಮ್ಮ ಮಾತಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ನಾನು ಅವನ ಕೈ ಹಿಡಿದು ಹಿಂದೆ ಕರೆದೊಯ್ದೆ. ತಿರುಗಿ ಬಂದಾಗ ಶಿಕ್ಷಕಿ ನನ್ನನ್ನೇ ನೋಡುತ್ತಿದ್ದರು. "ತಾಈ, ನೀವು ಇಲ್ಲಿಯೇ ಕೆಲಸಕ್ಕೆ ಬರುತ್ತೀರಾ?" ಎಂದರು.

ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ಬಾಲವಾಡಿಯಲ್ಲಿ ಶಿಕ್ಷಕಿಯನ್ನೂ ಸಹಾಯಕಿಯನ್ನೂ ಎಲ್ಲರೂ ಹಾಗೆಯೇ ಕರೆಯುತ್ತಾರೆ. ನಮ್ಮ ಮಕ್ಕಳ ಕಿವಿಗೆ ಅದು ತಾಯಿ ಎಂದು ಕೇಳಿಸುತ್ತದೆ. ಹೊಸದಾಗಿ ಬಂದ ಮಗುವೊಂದು "ಇವರು ನನ್ನ ತಾಯಿ ಅಲ್ಲ" ಎಂದು ಅತ್ತದ್ದನ್ನು ನಾನು ಕಂಡಿದ್ದೇನೆ. ಅದು ಹಟವಲ್ಲ, ಮಗು ಭಾಷೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿತ್ತು. ಆ ಅಳುವಿಗೆ ಉತ್ತರ ಕೊಡಬಲ್ಲವರು ಆ ಕೋಣೆಯಲ್ಲಿ ಆವರೆಗೆ ಯಾರೂ ಇರಲಿಲ್ಲ. ನಾನು ಸಹಾಯಕಿಯಾಗಿ ಸೇರಿದೆ. ಅಲ್ಲಿಂದ ಶಿಕ್ಷಕಿಯಾಗುವವರೆಗಿನ ಹಾದಿ ಒಂದೂವರೆ ವರ್ಷದ್ದು. ಅದನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಚಿಕ್ಕ ಮಕ್ಕಳ ಶಿಕ್ಷಣದ ಮಾತು ಬಂದಾಗಲೆಲ್ಲ ಮಕ್ಕಳಿಗೆ ಏನು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಮಕ್ಕಳೊಂದಿಗೆ ದಿನವಿಡೀ ಇರುವ ಹೆಂಗಸಿಗೆ ಏನು ಬೇಕು ಎಂಬುದನ್ನು ನಾನು ಸ್ವತಃ ಅನುಭವಿಸಿ ತಿಳಿದುಕೊಂಡೆ.

ಇಂಥ ಪಾಳಣಾಘರಗಳಿಗೆ ಕಾನೂನಿನ ಆಧಾರವಿದೆ. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 35ನೆಯ ಕಲಮು, ಐವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎನ್ನುತ್ತಿತ್ತು. ಗಾಳಿ ಬೆಳಕು ಇರಬೇಕು, ಸ್ವಚ್ಛವಾಗಿರಬೇಕು ಎಂದ ಮೇಲೆ ಇನ್ನೊಂದು ಮಾತನ್ನೂ ಸೇರಿಸುತ್ತಿತ್ತು: ಆ ಕೋಣೆ ಮಕ್ಕಳ ಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸರ ಸುಪರ್ದಿಯಲ್ಲಿರಬೇಕು. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು. ನನ್ನ ಕೆಲಸಕ್ಕೆ ತರಬೇತಿ ಬೇಕು ಎಂದು ಕಾಯ್ದೆಯಲ್ಲಿಯೇ ಬರೆದಿದ್ದರು, ಅದು ಯಾರೋ ದಯೆಯಿಂದ ಕೊಡುವ ಸಂಗತಿಯಲ್ಲ. ಆದರೆ ಐವತ್ತು ಹೆಂಗಸರ ಲೆಕ್ಕ ಸಿಗುವುದೇ ಕಷ್ಟವಾಗಿತ್ತು. ನಮ್ಮವರು ಜೋಡಿ ಲೆಕ್ಕದಲ್ಲಿ ದುಡಿಯುತ್ತಾರೆ. ಗಂಡನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಪಕ್ಕದಲ್ಲಿಯೇ ಇಟ್ಟಿಗೆ ಹೊರುವ ಹೆಂಡತಿಯ ಹೆಸರು ಎಷ್ಟೋ ಕಡೆ ಇರುವುದಿಲ್ಲ. ತಾಯಿ ಲೆಕ್ಕಕ್ಕೆ ಸಿಗದಿದ್ದರೆ ಮಗುವೂ ಸಿಗುವುದಿಲ್ಲ.

ಜುಲೈ ತಿಂಗಳಲ್ಲಿ ಯೆರವಡಾದ ಒಂದು ಸಭಾಂಗಣದಲ್ಲಿ ಹದಿನೈದು ದಿನಗಳ ತರಗತಿ ನಡೆಯಿತು. ಬೇರೆ ಬೇರೆ ಸೈಟುಗಳಿಂದ ಇಪ್ಪತ್ತಾರು ಹೆಂಗಸರು ಬಂದಿದ್ದೆವು. ಪಾಠವೆಲ್ಲ ಮರಾಠಿಯಲ್ಲಿ. ಸ್ಥೂಲ ಸ್ನಾಯು ವಿಕಾಸ, ಸೂಕ್ಷ್ಮ ಸ್ನಾಯು ವಿಕಾಸ ಎಂಬಂಥ ದೊಡ್ಡ ಪದಗಳು ನನಗೆ ತೊಡಕಾಗಲಿಲ್ಲ, ಅವು ನಮ್ಮಲ್ಲಿಯೂ ಅವೇ. ಕಷ್ಟವಾದದ್ದು ಮಗುವನ್ನು ಮುದ್ದಿಸುವ, ಸಮಾಧಾನಪಡಿಸುವ ಚಿಕ್ಕ ಚಿಕ್ಕ ಪದಗಳು. ನಾನು ಬರೆದುಕೊಂಡ ನೋಟ್‌ಬುಕ್ಕು ಈಗಲೂ ನನ್ನ ಬಳಿ ಇದೆ. ನೂರು ಪುಟ ತುಂಬಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ಬಹುಪಾಲು ಕೋಣೆಗೆ ಮರಳಿದ ಮೊದಲ ದಿನವೇ ತಲೆಯಿಂದ ಹಾರಿಹೋಯಿತು. ಇಪ್ಪತ್ತೆಂಟು ಮಕ್ಕಳಲ್ಲಿ ಒಬ್ಬನಿಗೆ ವಾಂತಿ, ಇಬ್ಬರಿಗೆ ಜಗಳ, ಒಬ್ಬಳು ಗೇಟಿನತ್ತ ಓಡುತ್ತಿದ್ದಾಳೆ ಎನ್ನುವಾಗ ನೂರು ಪುಟ ನೆನಪಾಗುವುದಿಲ್ಲ.

ಉಳಿದದ್ದು ಎರಡು. ಒಂದು, ಬೆರಳಿಗೆ ಬಲ ಬರಲೆಂದು ಮಾಡಿಸುವ ಚಟುವಟಿಕೆಗಳ ಪಟ್ಟಿ. ಮಣಿ ಪೋಣಿಸುವುದು, ಹಿಟ್ಟು ನಾದುವುದು, ಕಾಳು ಆರಿಸುವುದು. ಪಟ್ಟಿ ನೋಡಿದಾಗ ನಮ್ಮ ಮನೆಯ ಅಂಗಳವೇ ಕಣ್ಣ ಮುಂದೆ ಬಂತು. ಶೇಂಗಾ ಸುಲಿಯುತ್ತ, ತೊಗರಿಬೇಳೆಯಲ್ಲಿ ಹರಳು ಆರಿಸುತ್ತ ನಾವೆಲ್ಲ ಬೆಳೆದವರು. ಅಜ್ಜಿ ನನಗೆ ಬರವಣಿಗೆಯ ಕೈಯನ್ನೇ ಸಿದ್ಧಮಾಡುತ್ತಿದ್ದಳು ಎಂದು ಆಗ ಗೊತ್ತಿರಲಿಲ್ಲ. ಕಟ್ಟಡದ ಮೇಲೆ ಬೆಳೆಯುವ ಮಗುವಿಗೆ ಅಂಗಳವಿಲ್ಲ, ಅಜ್ಜಿ ಊರಿನಲ್ಲಿದ್ದಾಳೆ. ಬಾಲವಾಡಿ ತುಂಬಬೇಕಾದ ಜಾಗ ಯಾವುದೆಂದು ಅಲ್ಲಿ ತಿಳಿಯಿತು.

ಇನ್ನೊಂದು, ಅನುತಾಯಿ ವಾಘ್ ಅವರ ವಿಷಯ. ಅವರು ಹುಟ್ಟಿದ್ದು 1910ರಲ್ಲಿ, ಇದೇ ಪುಣೆ ಜಿಲ್ಲೆಯ ಮೋರಗಾಂವದಲ್ಲಿ. ಹದಿಮೂರಕ್ಕೆ ಮದುವೆ, ಆರು ತಿಂಗಳಲ್ಲಿ ಗಂಡ ತೀರಿಕೊಂಡರು. ಮುಂದೆ ಓದಿ ಶಿಕ್ಷಕಿಯಾದರು. 1945ರಲ್ಲಿ ಬಾಲಶಿಕ್ಷಣದ ಹಿರಿಯರಾದ ತಾರಾಬಾಯಿ ಮೋಡಕ್ ಅವರೊಂದಿಗೆ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರ ಕಟ್ಟಿದರು, 1957ರಲ್ಲಿ ಕೋಸಬಾಡದ ವಾರಲಿ ಆದಿವಾಸಿಗಳ ನಡುವೆ ಹೋಗಿ ನೆಲೆಸಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಅವರ ಮನೆಯ ಅಂಗಳಕ್ಕೇ ಶಾಲೆಯನ್ನು ಒಯ್ದರು, ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲಿಯೇ ಪಾಠ ಹೇಳಿದರು. ದುಬಾರಿ ಆಟಿಕೆಗಳ ಬದಲು ಕಲ್ಲು, ಬೀಜ, ಚಿಪ್ಪು, ಎಲೆಗಳಿಂದ ಕಲಿಸಿದರು. ಅಂಗನವಾಡಿ ಎಂಬ ಹೆಸರನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಆ ಪದದ ಒಳಗೆ ಇಂಥ ನಡಿಗೆ ಇದೆ ಎಂದು ತಿಳಿದಾಗ, ಸಿಮೆಂಟಿನ ಧೂಳಿನ ನಡುವಿನ ನಮ್ಮ ತಗಡಿನ ಕೋಣೆ ನನಗೆ ಸಣ್ಣದಾಗಿ ಕಾಣಲಿಲ್ಲ.

ತರಗತಿ ನನಗೆ ಕೆಲಸದ ಹೆಮ್ಮೆ ಕೊಟ್ಟಿತು. ಕೆಲಸ ಕಲಿಸಿದ್ದು ಬೇರೆಯೇ. ಆಗಸ್ಟ್‌ನಿಂದ ಪ್ರತಿ ಗುರುವಾರ ಒಬ್ಬ ಹಿರಿಯ ಹೆಂಗಸು ನಮ್ಮ ಕೇಂದ್ರಕ್ಕೆ ಬರತೊಡಗಿದರು. ಸಂಸ್ಥೆಯಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದವರು, ಹೊಸಬರ ಜೊತೆಗಿದ್ದು ಕಲಿಸುವ ಮಾರ್ಗದರ್ಶಿಯ ಹೊಣೆ ಅವರದು. ಮೊದಲ ಗುರುವಾರ ರಜಿಸ್ಟರು ತೆಗೆದಿಟ್ಟು, ಮಕ್ಕಳ ತಲೆ ಬಾಚಿ, ಗೋಡೆಯ ಚಿತ್ರಗಳನ್ನು ನೇರ ಮಾಡಿ ನಾನು ಎದೆ ಢವಢವ ಎನ್ನುತ್ತ ಕಾದಿದ್ದೆ. ಅವರು ರಜಿಸ್ಟರನ್ನು ಮುಟ್ಟಲಿಲ್ಲ. ಮೂಲೆಯಲ್ಲಿ ಚಾಪೆಯ ಮೇಲೆ ಮಕ್ಕಳಷ್ಟೇ ಎತ್ತರದಲ್ಲಿ ಕುಳಿತು ಒಂದು ಗಂಟೆ ಸುಮ್ಮನೆ ನೋಡಿದರು. ಮಕ್ಕಳು ಮಲಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆಯಿಂದ ಎಷ್ಟು ಸಲ ಬೇಡ ಎಂದೆ, ಲೆಕ್ಕ ಇದೆಯೇ?"

ಮರುದಿನ ಲೆಕ್ಕ ಇಟ್ಟೆ. ಅಡುಗೆಯ ಡಬ್ಬಿಯಿಂದ ಒಂದು ಹಿಡಿ ಹುಣಸೆಬೀಜ ಸೆರಗಿಗೆ ಕಟ್ಟಿಕೊಂಡೆ. ಬೇಡ, ಮಾಡಬಾರದು, ಮುಟ್ಟಬೇಡ, ಓಡಬೇಡ ಎಂದಾಗಲೆಲ್ಲ ಒಂದೊಂದು ಬೀಜವನ್ನು ಸ್ಟೀಲ್ ಬಟ್ಟಲಿಗೆ ಹಾಕಿದೆ. ಟಣ್ ಎಂದು ಸದ್ದಾಗುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಮಕ್ಕಳೇ ಆ ಸದ್ದಿಗೆ ತಿರುಗಿ ನೋಡತೊಡಗಿದರು. ಊಟದ ಹೊತ್ತಿಗೆ ಸೆರಗಿನ ಬೀಜ ಮುಗಿದಿತ್ತು, ಎಣಿಸಿದರೆ ಎಪ್ಪತ್ತನಾಲ್ಕು. ನಾನು ಮಕ್ಕಳನ್ನು ಪ್ರೀತಿಸುವವಳು ಎಂದೇ ನಂಬಿದ್ದೆ. ಆ ನಂಬಿಕೆ ಸುಳ್ಳಲ್ಲ, ಆದರೆ ಬಟ್ಟಲಿನ ಲೆಕ್ಕವೂ ಸುಳ್ಳಲ್ಲ.

ಮುಂದಿನ ಗುರುವಾರ ಬಟ್ಟಲನ್ನು ಹಾಗೆಯೇ ತಂದು ಅವರ ಮುಂದೆ ಇಟ್ಟೆ. ಅವರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. "ಇದರಲ್ಲಿ ಎಷ್ಟು ಬೀಜ ನೀರಿನ ಮಡಕೆಯ ಹತ್ತಿರ ಬಿದ್ದವು?" ಎಂದರು. ಯೋಚಿಸಿದೆ, ಹದಿನೈದಾದರೂ ಅಲ್ಲಿನವು. ಮಡಕೆ ಮೇಜಿನ ಮೇಲಿತ್ತು, ಮಕ್ಕಳು ಹತ್ತಲು ನೋಡುತ್ತಿದ್ದರು, ನಾನು ಬೇಡ ಎನ್ನುತ್ತಿದ್ದೆ. ಆ ದಿನ ಇಬ್ಬರೂ ಸೇರಿ ಮಡಕೆಯನ್ನು ನೆಲಕ್ಕಿಳಿಸಿ ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿದೆವು, ಉದ್ದ ಹಿಡಿಕೆಯ ಸೌಟು ಕಟ್ಟಿದೆವು, ಲೋಟಗಳನ್ನು ಮಗುವಿನ ಕೈಗೆ ಎಟಕುವಂತೆ ಮೊಳೆಗೆ ತೂಗುಹಾಕಿದೆವು. ಕತ್ತರಿ ಮೇಲಿನ ಕಪಾಟಿಗೆ ಹೋಯಿತು. ಓಡುವ ಮಕ್ಕಳಿಗೆ ಬಾಗಿಲಾಚೆಯ ಮರಳಿನ ಗುಡ್ಡೆಯ ಸುತ್ತ ಹಗ್ಗ ಕಟ್ಟಿ ಜಾಗ ಮಾಡಿದೆವು. ಗೊಂಬೆಗಳದು ಒಂದು ಮೂಲೆ, ಮರದ ತುಂಡುಗಳದು ಒಂದು, ಪುಸ್ತಕಗಳದು ಒಂದು. ನಾಲ್ಕು ವಾರಗಳಲ್ಲಿ ಬೀಜಗಳು ಇಪ್ಪತ್ತರ ಆಸುಪಾಸಿಗೆ ಇಳಿದವು. ಗಂಟಲು ನೋಯುವುದೂ ನಿಂತಿತು. ಮಕ್ಕಳು ಬದಲಾದರು ಎಂದು ಅವ್ವಂದಿರು ಹೇಳಿದರು. ಬದಲಾದದ್ದು ಮಡಕೆಯ ಎತ್ತರ.

ಆ ಹುಡುಗನ ವಿಷಯ ಹೇಳಬೇಕು, ಮೂರನೆಯ ದಿನ ಬಾಗಿಲಲ್ಲಿ ಅಳುತ್ತಿದ್ದವನು. ಸುರಪುರದ ಕಡೆಯವನು, ಮೂರೂವರೆ ವರ್ಷ. ಅವನ ಬೆಳವಣಿಗೆಯ ಹಾಳೆಯಲ್ಲಿ ಮಾತಿನ ಸಾಲಿನ ಮುಂದೆ "ಇಲ್ಲ" ಎಂದು ಬರೆದಿತ್ತು. ಕೋಳಿ, ಬಸ್ಸು, ಮಾವಿನಹಣ್ಣಿನ ಚಿತ್ರ ತೋರಿಸಿ ಮರಾಠಿಯಲ್ಲಿ ಕೇಳಿದ್ದರು, ಅವನು ಬಾಯಿ ಬಿಟ್ಟಿರಲಿಲ್ಲ. ಬರೆದವರು ಒಳ್ಳೆಯ ಶಿಕ್ಷಕಿ, ಅವರ ತಪ್ಪಲ್ಲ. ಒಂದು ಮಧ್ಯಾಹ್ನ ನಾನು ಅವನನ್ನು ಕಿಟಕಿಯ ಬಳಿ ಕೂರಿಸಿಕೊಂಡು ಹೊರಗೆ ಏನೇನು ಕಾಣುತ್ತದೆ ಎಂದು ನಮ್ಮ ಮಾತಿನಲ್ಲಿ ಕೇಳಿದೆ. ಕ್ರೇನ್ ಎಂದ. ಪೊಕ್ಲೇನ್ ಎಂದ, ಮಣ್ಣು ಅಗೆಯುವ ಯಂತ್ರ. ಮಿಕ್ಸರ್ ಗಾಡಿಯ ಹೊಟ್ಟೆ ತಿರುಗುತ್ತಿದೆ ಎಂದ. "ಇವತ್ತು ಸ್ಲ್ಯಾಬ್ ಹಾಕುತ್ತಾರೆ, ಅಪ್ಪ ರಾತ್ರಿ ಬರುವುದಿಲ್ಲ, ಅವ್ವ ಬಾಗಿಲಿಗೆ ಒಳಗಿನಿಂದ ಕಲ್ಲು ಇಡುತ್ತಾಳೆ" ಎಂದ. ಮೂರು ವಾಕ್ಯ, ಒಂದರಿಂದ ಒಂದು ಹೊರಡುವಂತೆ. ನಾನು ಅದನ್ನು ಹಾಗೆಯೇ ಕನ್ನಡದಲ್ಲಿ ಬರೆದು ಗುರುವಾರ ಮಾರ್ಗದರ್ಶಿಗೆ ಓದಿ ಹೇಳಿದೆ. ಅವರು ಹಾಳೆಯಲ್ಲಿ "ಇಲ್ಲ" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಕೈಯಿಂದಲೇ ತಿದ್ದಿಸಿ, ಕೆಳಗೆ ನನ್ನ ಸಹಿ ಹಾಕಿಸಿದರು. ಯಾವುದೇ ಸರ್ಟಿಫಿಕೇಟಿಗಿಂತ ಮೊದಲು ನನ್ನನ್ನು ಶಿಕ್ಷಕಿ ಮಾಡಿದ್ದು ಆ ಸಹಿ.

ಅಂದಿನಿಂದ ನಮ್ಮ ಕೇಂದ್ರದಲ್ಲಿ ಹೊಸ ಮಗು ಬಂದರೆ ಮನೆಮಾತಿನಲ್ಲಿಯೇ ಮೊದಲ ಮಾತು. ಆ ವರ್ಷ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಇದನ್ನೇ ಹೇಳುತ್ತದೆ, ಎಳೆಯ ಮಕ್ಕಳು ಮನೆಯ ಭಾಷೆಯಲ್ಲಿ ಕಲಿಯಬೇಕು ಎಂದು. ಹೇಳುವುದು ಸರಿ. ಆದರೆ ಪುಣೆಯ ಸೈಟಿನಲ್ಲಿ ಮನೆಯ ಭಾಷೆ ಬಲ್ಲ ಶಿಕ್ಷಕಿ ಬೇಕೆಂದರೆ ಅವಳನ್ನು ಕ್ಯಾಂಪಿನ ಹೆಂಗಸರ ನಡುವೆಯೇ ಹುಡುಕಬೇಕು, ಹುಡುಕಿದ ಮೇಲೆ ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳುವುದೇ ಕಷ್ಟದ ಕೆಲಸ. ಸಹಾಯಕಿಯಾಗಿ ನನಗೆ ತಿಂಗಳಿಗೆ ಸಿಗುತ್ತಿದ್ದುದು ಬಿಗಾರಿ ಹೆಂಗಸು ಇಪ್ಪತ್ತು ದಿನ ಬುಟ್ಟಿ ಹೊತ್ತರೆ ಸಿಗುವಷ್ಟು. ಗಂಡನ ಕಡೆಯವರು ಇದನ್ನು ಎತ್ತಿ ಆಡುತ್ತಿದ್ದರು. ಮಕ್ಕಳನ್ನು ಆಡಿಸುವುದೂ ಒಂದು ಕೆಲಸವೇ ಎಂದು ನನ್ನ ಅತ್ತೆ ಫೋನಿನಲ್ಲಿ ಕೇಳಿದರು. 2023ರ ಬೇಸಿಗೆಗೆ ಮುಂಚೆ ನಮ್ಮಲ್ಲಿ ಇಬ್ಬರು ಕೆಲಸ ಬಿಟ್ಟರು. ಒಬ್ಬಳು ಮಾಲ್ ಒಂದರ ಸ್ವಚ್ಛತಾ ಕೆಲಸಕ್ಕೆ ಹೋದಳು, ಇನ್ನೊಬ್ಬಳು ಮನೆಗೆಲಸಕ್ಕೆ. ಎರಡರಲ್ಲೂ ದುಡ್ಡು ಹೆಚ್ಚು. ಅದೇ ತಿಂಗಳು ಹೊಸ ಕಟ್ಟಡದ ಕೆಲಸ ಆರಂಭವಾಗಿ ಮಕ್ಕಳು ಮೂವತ್ತೆಂಟಾದರು. ಉಳಿದವರು ನಾವು ಇಬ್ಬರು.

ಮಾರ್ಚ್ ತಿಂಗಳ ಒಂದು ದಿನ, ತಗಡು ಕಾದು ಕೋಣೆ ಕುಲುಮೆಯಾಗಿತ್ತು. ಕೂಸುಗಳ ಕೋಣೆಯಲ್ಲಿ ಸೀರೆಯ ಜೋಳಿಗೆಯಲ್ಲಿ ಮಲಗಿಸಿದ್ದ ಎರಡು ಮಕ್ಕಳು ಒಟ್ಟಿಗೆ ಎದ್ದು ಅಳತೊಡಗಿದವು. ಇತ್ತ ಖಿಚಡಿಯ ಪಾತ್ರೆ ಇಳಿಸುತ್ತಿದ್ದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಪಾತ್ರೆಯತ್ತ ಕೈ ಚಾಚಿದಳು. ನಾನು ಅವಳ ಕೈಯ ಮೇಲೆ ಹೊಡೆದೆ. ಸುಡುವುದನ್ನು ತಪ್ಪಿಸಲು ಹೊಡೆದೆ ಎಂದು ಹೇಳಬಹುದು, ಆದರೆ ಅದು ನಿಜವಲ್ಲ. ತಡೆಯುವುದಕ್ಕೆ ಅಷ್ಟು ಜೋರು ಬೇಕಿರಲಿಲ್ಲ. ಅವಳು ಅಳಲಿಲ್ಲ. ಕೈಯನ್ನು ಹಿಂದಕ್ಕೆ ಎಳೆದುಕೊಂಡು, ಅಂಗೈಯನ್ನು ಫ್ರಾಕಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಳು. ಸಂಜೆ ಅವಳ ಅವ್ವ ಬಂದಾಗ ನಾನೇ ಹೇಳಿದೆ, ಕ್ಷಮೆ ಕೇಳಿದೆ. "ಮಕ್ಕಳಲ್ಲವೇ ಅಕ್ಕ, ಇರಲಿ ಬಿಡು" ಎಂದಳು ಆಕೆ. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಗುರುವಾರ ಮಾರ್ಗದರ್ಶಿಯ ಮುಂದೆ ಎಲ್ಲವನ್ನೂ ಹೇಳಿ, ಕೆಲಸ ಬಿಡುತ್ತೇನೆ ಎಂದೆ. ಅವರು ಕೇಳಿದ ಮೊದಲ ಮಾತು, "ಆ ದಿನ ನೀನು ನೀರು ಕುಡಿದದ್ದು ಯಾವಾಗ?" ಎಂದು. ನೆನಪಾಗಲಿಲ್ಲ. ಕುಡಿದಿರಲಿಲ್ಲವೆಂದೇ ತೋರುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದೂವರೆಯವರೆಗೆ ನಾನು ಕುಳಿತದ್ದು ಮಕ್ಕಳಿಗೆ ಉಣಿಸಲು ಮಾತ್ರ. ಹೊಡೆದದ್ದು ತಪ್ಪು, ಅದನ್ನು ಪುಸ್ತಕದಲ್ಲಿ ಬರೆಯಬೇಕು ಎಂದರು, ಬರೆಸಿದರು. ಆಮೇಲೆ ಇನ್ನೊಂದು ಹಾಳೆ ತೆಗೆದು ಆ ದಿನ ಎಷ್ಟು ಮಕ್ಕಳು, ನೋಡಿಕೊಳ್ಳುವವರು ಎಷ್ಟು ಜನ, ಎಷ್ಟು ಹೊತ್ತು ಎಂದು ತಾವೇ ಬರೆದುಕೊಂಡರು. ಆ ಹಾಳೆ ಹಿಡಿದು ಕಚೇರಿಗೆ ಹೋದರು. ಒಂದೇ ಸಲಕ್ಕೆ ಕೆಲಸವಾಗಲಿಲ್ಲ. ಮೂರು ವಾರ ಓಡಾಡಿದ ಮೇಲೆ ಮೂರನೆಯ ಸಹಾಯಕಿ ಬಂದಳು. ಮಧ್ಯಾಹ್ನ ಮಕ್ಕಳು ಮಲಗಿದಾಗ ಒಬ್ಬೊಬ್ಬರು ಇಪ್ಪತ್ತು ನಿಮಿಷ ಕೋಣೆಯಿಂದ ಹೊರಗೆ ಕುಳಿತುಕೊಳ್ಳಬೇಕು ಎಂಬ ನಿಯಮವಾಯಿತು. ಆ ಇಪ್ಪತ್ತು ನಿಮಿಷ ನಾನು ಬೇವಿನ ಮರದ ಕೆಳಗೆ ಸುಮ್ಮನೆ ಕುಳಿತಿರುತ್ತಿದ್ದೆ. ನಾನು ಮತ್ತೆ ಯಾವ ಮಗುವಿನ ಮೇಲೂ ಕೈ ಎತ್ತಲಿಲ್ಲ. ಅದರಲ್ಲಿ ನನ್ನ ಒಳ್ಳೆಯತನದ ಪಾಲೆಷ್ಟು, ಆ ಇಪ್ಪತ್ತು ನಿಮಿಷದ ಪಾಲೆಷ್ಟು ಎಂದು ಕೇಳಿದರೆ ಹೆಚ್ಚಿನ ಪಾಲನ್ನು ಬೇವಿನ ಮರಕ್ಕೇ ಕೊಡುತ್ತೇನೆ.

ಶಿಕ್ಷಕಿಯಾಗಲು ಬೇಕಾದ ಸರ್ಟಿಫಿಕೇಟಿನ ಪರೀಕ್ಷೆ ಆ ವರ್ಷದ ಕೊನೆಗೆ ಮುಗಿಯಿತು. ಒಂದು ದಿನದ ಪಾಠವನ್ನು ಇಬ್ಬರು ಕುಳಿತು ನೋಡಿದರು, ವರ್ಷದ ಟಿಪ್ಪಣಿಗಳನ್ನು ಪರಿಶೀಲಿಸಿದರು, ಮೌಖಿಕ ಪ್ರಶ್ನೆ ಕೇಳಿದರು. ಮೊದಲ ಸಲ ವಾರದ ಯೋಜನೆ ಸರಿಯಿಲ್ಲವೆಂದು ಹಿಂದಕ್ಕೆ ಕಳುಹಿಸಿದರು, ಎರಡನೆಯ ಸಲ ಒಪ್ಪಿದರು. ಟಿಪ್ಪಣಿಗಳನ್ನು ನಾನು ಕನ್ನಡದಲ್ಲಿಯೇ ಬರೆದಿದ್ದೆ, ಓದಿ ಮರಾಠಿಯಲ್ಲಿ ವಿವರಿಸಲು ಅವಕಾಶ ಕೊಟ್ಟರು. ಆ ಒಂದು ಅವಕಾಶ ಇಲ್ಲದಿದ್ದರೆ ನಾನು ಇಂದಿಗೂ ಸಹಾಯಕಿಯೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಅಂಗನವಾಡಿಯವರಿಗೂ ಇಂಥ ಓದನ್ನು ಹೇಳಿದೆ. ಹನ್ನೆರಡನೆಯ ತರಗತಿ ಮತ್ತು ಮೇಲ್ಪಟ್ಟು ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ, ಮೊಬೈಲ್, ಟಿವಿಯ ಮೂಲಕ, ಕೆಲಸ ಬಿಡದೆ. ಆ ನೀತಿ ತಿಂಗಳಿಗೊಮ್ಮೆಯಾದರೂ ಎದುರುಬದುರು ಕೂತು ಕಲಿಯುವ ತರಗತಿ ಇರಲಿ ಎಂದೂ ಹೇಳುತ್ತದೆ. ನನ್ನ ಅನುಭವದಲ್ಲಿ ಆ ಕಡೆಯ ಮಾತೇ ಮುಖ್ಯವಾದದ್ದು. ನೀರಿನ ಮಡಕೆ ಎತ್ತರದಲ್ಲಿದೆ ಎಂದು ಮೊಬೈಲಿನ ಪಾಠಕ್ಕೆ ಕಾಣುವುದಿಲ್ಲ.

ಕ್ಯಾಂಪಿನಿಂದ ಆಚೆ, ವಾಘೋಲಿಯ ಹಳೆಯ ವಸತಿಯಲ್ಲಿ ಒಬ್ಬ ಅಂಗನವಾಡಿ ಸೇವಿಕೆ (ನಮ್ಮಲ್ಲಿ ಕಾರ್ಯಕರ್ತೆ) ನನಗೆ ಪರಿಚಯ. ಅಕ್ಕಲಕೋಟೆಯವರು, ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. 2023ರ ಡಿಸೆಂಬರ್ 4ರಿಂದ ಮಹಾರಾಷ್ಟ್ರದ ಅಂಗನವಾಡಿಯವರು ಮುಷ್ಕರ ಹೂಡಿದಾಗ ಅವರೂ ಹೋದರು. ಐವತ್ತಕ್ಕೂ ಹೆಚ್ಚು ದಿನ ನಡೆಯಿತು ಅದು. ಆ ವರ್ಷದ ರಾಜ್ಯ ಬಜೆಟ್‌ನಲ್ಲಿ ಸೇವಿಕೆಯ ಹಣವನ್ನು 8,325 ರೂಪಾಯಿಯಿಂದ 10,000ಕ್ಕೂ, ಸಹಾಯಕಿಯ ಹಣವನ್ನು 4,425ರಿಂದ 5,500ಕ್ಕೂ ಏರಿಸಿದ್ದರು. ಅದರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಮೊತ್ತ ಸೇವಿಕೆಗೆ 4,500, ಸಹಾಯಕಿಗೆ 2,250. ಆ ಅಂಕಿ 2018ರ ಅಕ್ಟೋಬರ್‌ನಿಂದ ಅಲುಗಿರಲಿಲ್ಲ. ಅದನ್ನು ಸಂಬಳ ಎನ್ನುವುದಿಲ್ಲ, ಮಾನಧನ ಎನ್ನುತ್ತಾರೆ, ನಮ್ಮಲ್ಲಿ ಗೌರವಧನ. ತೂಕ ಹಾಕುವುದು, ಲಸಿಕೆಗೆ ಕರೆಯುವುದು, ಬಸುರಿಯರ ಮನೆ ಸುತ್ತುವುದು, ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬುವುದು, ಅದರ ನಡುವೆ ಮಕ್ಕಳಿಗೆ ಕಲಿಸುವುದು. ಇಷ್ಟು ಮಾಡುವ ಹೆಂಗಸಿಗೆ ನಿವೃತ್ತಿಯ ಹೊತ್ತಿಗೆ ಗ್ರಾಚ್ಯುಟಿ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 25ರಂದು ತೀರ್ಪು ಕೊಟ್ಟಿತ್ತು. ಅದು ತಮ್ಮ ಕೈಗೆ ಬರಲಿ ಎಂದು ಕೇಳುವುದಕ್ಕೂ ಅವರು ಬೀದಿಯಲ್ಲಿ ಕೂರಬೇಕಾಯಿತು.

ಅಂಗನವಾಡಿ ಮುಚ್ಚಿದ ಆ ದಿನಗಳಲ್ಲಿ ಮಕ್ಕಳ ಗತಿ ಏನು ಎಂದು ಕೆಲವರು ಅಕ್ಕನನ್ನೇ ಕೇಳಿದರು. ಅಕ್ಕ ಅತ್ತದ್ದನ್ನು ನಾನು ನೋಡಿದ್ದೇನೆ. ಮಕ್ಕಳ ಗತಿಯ ಪ್ರಶ್ನೆಯನ್ನು ಐವತ್ತು ವರ್ಷಗಳಿಂದ ಹೆಗಲ ಮೇಲೆ ಹೊತ್ತವರಿಗೇ ಆ ಪ್ರಶ್ನೆ ಕೇಳುವುದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಆರಂಭವಾದ ಅಂಗನವಾಡಿ ಯೋಜನೆ ದೇಶದ ಉದ್ದಗಲಕ್ಕೂ ತಲುಪಿದ್ದು ಇಂಥ ಹೆಂಗಸರ ಕಾಲ್ನಡಿಗೆಯಿಂದ.

ಹೊಸ ವರ್ಷಕ್ಕೆ ನನ್ನನ್ನು ಶಿಕ್ಷಕಿಯೆಂದು ನೇಮಿಸಿ, ಇಬ್ಬರು ಹೊಸಬರ ಜೊತೆಗಿರುವ ಹೊಣೆಯನ್ನೂ ಕೊಟ್ಟರು. ಅವರಲ್ಲಿ ಒಬ್ಬಳು ಅಫಜಲಪುರದವಳು, ಹತ್ತೊಂಬತ್ತು ವರ್ಷ. ಮೊದಲ ದಿನ ನಾನು ಮಾಡಿದ ತಪ್ಪೆಂದರೆ ನನಗೆ ಗೊತ್ತಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ್ದು. ಮಗು ಸೊರಗಿದೆಯೇ ಎಂದು ಅಳೆಯುವ ತೋಳಿನ ಪಟ್ಟಿ ಹೀಗೆ ಸುತ್ತಬೇಕು, ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, ಹನ್ನೆರಡೂವರೆಯವರೆಗೆ ಹಳದಿ, ಬಿಗಿಯಾಗಿ ಎಳೆಯಬಾರದು, ಹೀಗೆ. ಅವಳು ತಲೆಯಾಡಿಸುತ್ತಿದ್ದಳು, ಕೈ ಮಾತ್ರ ನಡುಗುತ್ತಿತ್ತು. ಎರಡನೆಯ ದಿನ ಬಾಯಿ ಮುಚ್ಚಿಕೊಂಡು ಮೂಲೆಯ ಚಾಪೆಯಲ್ಲಿ ಕುಳಿತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಆಗ ಗೊತ್ತಾಯಿತು. ಅವಳು ಪಟ್ಟಿಯನ್ನು ತಲೆಕೆಳಗಾಗಿ ಹಿಡಿದಾಗ ಎದ್ದು ಹೋಗಿ ಕಸಿದುಕೊಳ್ಳಬೇಕೆನಿಸಿತು. ಕೂತೇ ಇದ್ದೆ. ಅವಳೇ ತಿರುಗಿಸಿ ಹಿಡಿದಳು. ನನ್ನ ಕಡೆ ನೋಡಿದಳು. ಕೈ ನಡುಗುತ್ತಿರಲಿಲ್ಲ.

2024ರ ಫೆಬ್ರುವರಿಯಲ್ಲಿ ಕಟ್ಟಡದ ಕೆಲಸ ಮುಗಿಯಿತು. ಕೆಲಸ ಮುಗಿದರೆ ಕ್ಯಾಂಪ್ ಏಳುತ್ತದೆ, ಮಕ್ಕಳು ಚದುರುತ್ತಾರೆ. ಪಾಳಣಾಘರದ ಸಾಮಾನು ಎರಡು ತಗಡಿನ ಪೆಟ್ಟಿಗೆಗಳಲ್ಲಿ ಹಿಡಿಯಿತು. ಕಿಟಕಿಯ ಹುಡುಗನಿಗೆ ಆಗ ಐದು ತುಂಬಿತ್ತು. ಶರಣಬಸವೇಶ್ವರ ಜಾತ್ರೆಗೆ ಹೋದವರು ಈ ಸಲ ತಿರುಗಿ ಬರುವುದಿಲ್ಲ, ಊರಿನಲ್ಲಿಯೇ ಇರುತ್ತೇವೆ ಎಂದು ಅವನ ಅವ್ವ ಹೇಳಿದಳು. ಅವನ ಬೆಳವಣಿಗೆಯ ಹಾಳೆ, ಲಸಿಕೆಯ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುವುದು ನಮ್ಮ ರೂಢಿ. ನಾನು ಅದರಲ್ಲಿ ಒಂದು ಪತ್ರವನ್ನೂ ಇಟ್ಟೆ. ಆ ಊರಿನ ಅಂಗನವಾಡಿ ಕಾರ್ಯಕರ್ತೆಯವರಿಗೆ ಎಂದು ಮೇಲೆ ಬರೆದೆ. ಎಡಗೈಯಲ್ಲಿ ಬರೆಯುತ್ತಾನೆ, ದಯವಿಟ್ಟು ಬಲಗೈಗೆ ಬದಲಿಸಬೇಡಿ. ಹೊಸಬರ ಮುಂದೆ ಮೊದಲು ಮಾತಾಡುವುದಿಲ್ಲ, ಕಿಟಕಿಯ ಬಳಿ ಕೂರಿಸಿಕೊಂಡರೆ ಮಾತು ಬರುತ್ತದೆ. ಇಪ್ಪತ್ತರವರೆಗೆ ಎಣಿಸುತ್ತಾನೆ, ಕಟ್ಟಡದ ಮಹಡಿಗಳನ್ನು ಎಣಿಸಿ ಕಲಿತದ್ದು. ಮರಾಠಿಯ ಕೆಲವು ಪದಗಳು ನಡುವೆ ಬರುತ್ತವೆ, ತಿದ್ದಬೇಡಿ, ತಾವಾಗಿಯೇ ಹೋಗುತ್ತವೆ, ಹೋಗದಿದ್ದರೂ ಒಳ್ಳೆಯದೇ. ಕೆಳಗೆ ನನ್ನ ಫೋನ್ ನಂಬರು.

ಉತ್ತರ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಏಪ್ರಿಲ್‌ನ ಒಂದು ಭಾನುವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅತ್ತ ಕಡೆಯ ದನಿ ಮೊದಲು ಹಿಂಜರಿಯಿತು. "ಬಾಯಿಯವರೇ, ನೀವು ಪುಣೆಯ ಟೀಚರ್ ಅಲ್ಲವೇ? ನಿಮ್ಮ ಪತ್ರ ಓದಿದೆ. ಇಪ್ಪತ್ತೆರಡು ವರ್ಷದ ಸರ್ವಿಸ್ ನನ್ನದು, ಒಂದು ಮಗುವಿನ ವಿಷಯವಾಗಿ ಇನ್ನೊಬ್ಬ ಟೀಚರು ನನಗೆ ಪತ್ರ ಬರೆದದ್ದು ಇದೇ ಮೊದಲು." ಹುಡುಗ ದಿನವೂ ಪೊಕ್ಲೇನ್ ಕೇಳುತ್ತಾನಂತೆ. ಅಂಗನವಾಡಿಯ ಮುಂದೆ ಕೆಂಪು ಮಣ್ಣಿನ ಗುಡ್ಡೆಯೊಂದಿದೆ, ಅಲ್ಲಿ ತೆಂಗಿನ ಚಿಪ್ಪಿನಿಂದ ಅಗೆಯುತ್ತಾನಂತೆ, ಈಗ ಉಳಿದ ಮಕ್ಕಳೂ ಸೇರಿಕೊಂಡಿದ್ದಾರಂತೆ. ಆಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಾಗಿ, ಒಂದು ಮಾತು ಕೇಳಲೇ ಎಂದರು. ತಮ್ಮಲ್ಲಿ ಎರಡು ವರ್ಷದ ಮಗುವೊಂದು ಕಚ್ಚುತ್ತದೆ, ಬೈದರೆ ಹೆಚ್ಚಾಗುತ್ತದೆ, ನೀವಾದರೆ ಏನು ಮಾಡುತ್ತೀರಿ ಎಂದರು.

ನಾನು ಮಗಳ ಕೈಗೆ ಬಟ್ಟಲು ಕೊಟ್ಟು ಹೊರಗೆ ಕಟ್ಟೆಯ ಮೇಲೆ ಬಂದು ಕುಳಿತೆ. ಆ ಮಗು ಯಾವ ಹೊತ್ತಿನಲ್ಲಿ ಕಚ್ಚುತ್ತದೆ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದೆ. ಅವರು ತಡೆದು, ಗಮನಿಸಿಲ್ಲ, ನಾಳೆಯಿಂದ ನೋಡುತ್ತೇನೆ ಎಂದರು. ಮುಂದಿನ ಭಾನುವಾರ ನಾಲ್ಕು ಗಂಟೆಗೆ ಫೋನ್ ಮಾಡುತ್ತೇನೆ ಎಂದೂ ಹೇಳಿದರು.